ಎರಡೇ ತಿಂಗಳಿಗೆ ಟಿಬಿ ಮಾತ್ರೆ ಬಿಟ್ಟರೆ ಏನಾಗುತ್ತದೆ? ಹಸಿರು ಬೆಳಕು ಹೇಳಿದ ಉತ್ತರ

ಪಾಂಡೇಸರಾ: ಇಲ್ಲಿನ ಜಿಐಡಿಸಿಯ ಡೈಯಿಂಗ್, ಪ್ರಿಂಟಿಂಗ್ ಮಿಲ್‌ಗಳಲ್ಲಿ ದುಡಿಯುವವರಿಗೆ ಬಣ್ಣದ ಗುಣ ಹೇಳಿಕೊಡಬೇಕಿಲ್ಲ. ಬಿಳಿ ಬಟ್ಟೆಗೆ ಹಾಕುವ ಟಿನೋಪಾಲ್ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಬಟ್ಟೆ ಇನ್ನಷ್ಟು ಬೆಳ್ಳಗೆ ಕಾಣುವುದು ಅದರಿಂದಲೇ. ಪ್ರತಿದೀಪ್ತಿ ಎಂಬ ಇದೇ ಗುಣವನ್ನು ಹಿಡಿದು ಬೆಂಗಳೂರಿನ ವಿಜ್ಞಾನಿಗಳು ಕ್ಷಯದ ರೋಗಾಣುವಿನ ಒಳಗನ್ನೇ ನೋಡಿದ್ದಾರೆ.

ಹತ್ತಿ ಬಟ್ಟೆಯನ್ನು ಬಿಳುಪು ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಮನುಷ್ಯನ ಜೀವಕೋಶದಲ್ಲೂ ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಟಿಬಿ ರೋಗಾಣುವನ್ನು ನುಂಗಿದ ಭಕ್ಷಕ ಕೋಶ ಅದರ ಮೇಲೆ ಎರಚುವುದು ಇಂಥ ಚುರುಕು ಅಣುಗಳನ್ನೇ. ರೋಗಾಣುವೂ ಸುಮ್ಮನಿರುವುದಿಲ್ಲ; ಮೈಕೋಥಯಾಲ್ ಎಂಬ ರಾಸಾಯನಿಕವನ್ನು ಗುರಾಣಿಯಾಗಿ ಒಡ್ಡುತ್ತದೆ. ಈ ಜಟಾಪಟಿಯನ್ನು ನೋಡುವುದು ಹೇಗೆ? ಕೋಶವನ್ನು ಒಡೆದು ಪರೀಕ್ಷಿಸುವಷ್ಟರಲ್ಲಿ ಆ ಅಣುಗಳು ಮಾಯ. ಪೆರಾಕ್ಸೈಡ್ ತಾಗಿದರೆ ಹಸಿರಾಗಿ ಬೆಳಗುವ ಡಿಸಿಎಫ್ ಎಂಬ ಬಣ್ಣ 1965ರಿಂದಲೇ ಬಳಕೆಗೆ ಬಂದಿತ್ತು. ಆದರೆ ಒಮ್ಮೆ ಹೊತ್ತಿದರೆ ಅದು ಮತ್ತೆ ಆರುವುದಿಲ್ಲ. ದಾಳಿ ನಿಂತಿದೆಯೋ ಮುಂದುವರಿದಿದೆಯೋ ತಿಳಿಯದು.

ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಅಮಿತ್ ಸಿಂಗ್ ಅವರ ತಂಡ ದಿಲ್ಲಿಯ ಐಸಿಜಿಇಬಿ ವಿಜ್ಞಾನಿಗಳ ಜೊತೆಗೂಡಿ 2014ರಲ್ಲಿ ಬೇರೆ ದಾರಿ ತೋರಿಸಿತು. ಮೂಲತಃ ಲೋಳೆಮೀನಿನಲ್ಲಿ ಸಿಕ್ಕ ಹಸಿರು ಬೆಳಗುವ ಪ್ರೋಟೀನಿನ ಮಾರ್ಪಡಿಸಿದ ರೂಪಕ್ಕೆ ರೋಗಾಣುವಿನದೇ ಒಂದು ಪ್ರೋಟೀನನ್ನು ಜೋಡಿಸಿ, ರೋಗಾಣು ತಾನೇ ಅದನ್ನು ತಯಾರಿಸುವಂತೆ ಮಾಡಲಾಯಿತು. ಗುರಾಣಿ ಸೋತಿದ್ದರೆ ನೇರಳೆ ಬೆಳಕಿಗೆ, ಗಟ್ಟಿಯಾಗಿದ್ದರೆ ನೀಲಿ ಬೆಳಕಿಗೆ ಅದು ಹೆಚ್ಚು ಹೊಳೆಯುತ್ತದೆ. ಎರಡನ್ನೂ ಹೋಲಿಸಿದರೆ ಜೀವಂತ ರೋಗಾಣುವಿನ ಸ್ಥಿತಿ ಸಿಗುತ್ತದೆ. ಪರಿಸ್ಥಿತಿ ಬದಲಾದರೆ ಹೊಳಪೂ ಬದಲಾಗುತ್ತದೆ ಎಂಬುದೇ ಇದರ ವಿಶೇಷ.

ಕಂಡದ್ದೇನು? ರೋಗಾಣುಗಳೆಲ್ಲ ಒಂದೇ ಸ್ಥಿತಿಯಲ್ಲಿರಲಿಲ್ಲ. ಭಕ್ಷಕ ಕೋಶದೊಳಗಿನ ಹುಳಿಗೆ ಸಿಕ್ಕ ಕೆಲವು ಗುರಾಣಿಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು, ಔಷಧಿಯನ್ನೂ ತಾಳಿಕೊಂಡು ಬೆಳೆಯುತ್ತಲೇ ಇದ್ದವು ಎಂದು ಅದೇ ತಂಡ 2019ರಲ್ಲಿ ವರದಿ ಮಾಡಿತು. ಆ ಹುಳಿಯನ್ನು ತಗ್ಗಿಸುವ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಅನ್ನು ಟಿಬಿ ಔಷಧಿಯ ಜೊತೆ ಪ್ರಾಣಿಗಳಿಗೆ ಕೊಟ್ಟಾಗ ರೋಗ ಮರುಕಳಿಸುವುದು ಕಡಿಮೆಯಾಯಿತು. ಇದು ಪ್ರಾಣಿಗಳ ಮೇಲಿನ ಪ್ರಯೋಗ ಮಾತ್ರ; ಯಾರೂ ಅಂಗಡಿಯಿಂದ ಕ್ಲೋರೋಕ್ವಿನ್ ತಂದು ನುಂಗುವಂತಿಲ್ಲ. ಡಾ. ಸಿಂಗ್ ಅವರಿಗೆ 2021ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿದೆ.

ಒಂದೇ ಖೋಲಿಯಲ್ಲಿ ಹತ್ತಾರು ಜನ ಪಾಳಿಯ ಮೇಲೆ ಮಲಗುವ ಮಿಲ್ ಬಸ್ತಿಗಳಲ್ಲಿ ಇದು ಬರೀ ಪ್ರಯೋಗಾಲಯದ ಸುದ್ದಿಯಲ್ಲ. ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು ಎಂದು ಎರಡನೇ ತಿಂಗಳಿಗೆ ಮಾತ್ರೆ ಬಿಟ್ಟವರ ಎದೆಯಲ್ಲಿ ಉಳಿಯುವುದು ಔಷಧಿಗೆ ಜಗ್ಗದ ಇಂಥವೇ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೊರಟವರು ಮೊದಲೇ ಇಲ್ಲಿನ ಕೇಂದ್ರದಲ್ಲಿ ತಿಳಿಸಿದರೆ ಚಿಕಿತ್ಸೆಯನ್ನು ರಾಯಚೂರಿಗಾಗಲಿ ವಿಜಯಪುರಕ್ಕಾಗಲಿ ವರ್ಗ ಮಾಡಿಕೊಡುತ್ತಾರೆ.