ರಕ್ತ ಬಂತು, ನೋವಿಲ್ಲ: ವಸಡಿಗೆ ಯಾವ ಡಾಕ್ಟರು?

ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಗುನಗುತ್ತಾ ಹೇಳುತ್ತೇವೆ. ಆದರೆ ಮಂಡಕ್ಕಿ-ಮಿರ್ಚಿಯ ಊರು ನಮ್ಮ ದಾವಣಗೆರೆ. ಇಲ್ಲಿಯವರಿಗೆ ನಲವತ್ತೈದಕ್ಕೇ ಮಂಡಕ್ಕಿ ನೆನೆಸಿಕೊಂಡು ತಿನ್ನುವ ಕಾಲ ಬಂದರೆ ಅದು ನಗುವ ಮಾತಲ್ಲ.

ಹುಳುಕು ಹಲ್ಲು ನಿಯತ್ತಿನದು. ರಾತ್ರಿಯೆಲ್ಲ ಕುಕ್ಕಿ ಕುಕ್ಕಿ, ಬೆಳಗಾಗುತ್ತಲೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತದೆ. ವಸಡಿನ ರೋಗ ಹಾಗಲ್ಲ ಸ್ವಾಮಿ, ಅದು ಸದ್ದಿಲ್ಲದ ಕಳ್ಳ. ಹತ್ತಾರು ವರ್ಷ ನೋವೇ ಕೊಡದೆ ಹಲ್ಲಿನ ಬುಡದ ಮೂಳೆಯನ್ನು ತಿಂದುಹಾಕುತ್ತದೆ.

ಅಂಗಡಿ ಕಟ್ಟೆಯ ಮೇಲೆ ದಿನಾ ಕೇಳಿಬರುವ ಮಾತು ಇಂಥದು.

"ಹಲ್ಲುಜ್ಜಿದ್ರೆ ರಕ್ತ ಬರ್ತೈತಿ ಕಣಪ್ಪ."

"ನೋವೈತೇನ್ರಿ ಸಾವ್ಕಾರ್ರೆ?"

"ನೋವೇನಿಲ್ಲ."

"ಹಂಗಾದ್ರೆ ಏನಿಲ್ಲ ಬಿಡ್ರಿ, ಉಪ್ಪುನೀರು ಮುಕ್ಕಳಿಸ್ರಿ."

ಎಡವುವುದು ಇಲ್ಲೇ. ನೋವಿಲ್ಲ ಎಂದರೆ ರೋಗವಿಲ್ಲ ಎಂದಲ್ಲ. ಉಪ್ಪುನೀರು, ಲವಂಗದ ಎಣ್ಣೆಯಿಂದ ಬಾಯಿಗೆ ಹಿತವಾಗುತ್ತದೆ, ನಿಜ. ಆದರೆ ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತ ಕೊಳೆಯನ್ನು ಅವು ಕರಗಿಸುವುದಿಲ್ಲ.

ಪಾಚಿಯ ಕಥೆ

ಹಲ್ಲು ಉಜ್ಜಿದ ಕೆಲವೇ ಗಂಟೆಗಳಲ್ಲಿ ರೋಗಾಣುಗಳ ತೆಳು ಪೊರೆ ಹಲ್ಲಿಗೆ ಅಂಟಿಕೊಳ್ಳುತ್ತದೆ. ಪಾಚಿ ಅನ್ನುವುದು ಇದಕ್ಕೇ. ಬ್ರಷ್ಷಿಗೆ ಸಿಗದೆ ಉಳಿದ ಪಾಚಿ ಕೆಲವು ದಿನಗಳಲ್ಲಿ ಎಂಜಲಿನ ಸುಣ್ಣದ ಅಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಅದು ಯಾವ ಪೇಸ್ಟಿಗೂ ಬಗ್ಗುವುದಿಲ್ಲ.

ಪಾಚಿಯಿಂದ ವಸಡು ಎಷ್ಟು ಬೇಗ ಕೆಡುತ್ತದೆ ಎಂಬುದನ್ನು 1965ರಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಡೆನ್ಮಾರ್ಕಿನಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆರೋಗ್ಯವಂತ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ಮೊದಲ ಹಂತದಲ್ಲಿ ವಸಡು ಪೂರ್ತಿ ವಾಸಿಯಾಗುತ್ತದೆ. ಅದು ದಾಟಿ ಮೂಳೆ ಕರಗಲು ಶುರುವಾದರೆ, ಹೋದ ಮೂಳೆ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಹಿಂದಿನವರು ಪಯೋರಿಯಾ ಅನ್ನುತ್ತಿದ್ದುದು ಈ ಎರಡನೇ ಹಂತಕ್ಕೆ.

ಹಾಗಾದರೆ ಯಾವಾಗ, ಯಾರ ಬಾಗಿಲು ಬಡಿಯಬೇಕು? ಮೂರು ಬಾಗಿಲುಗಳಿವೆ.

ಮೊದಲ ಬಾಗಿಲು: ನಿಮ್ಮ ಬಚ್ಚಲುಮನೆ

ಹಲ್ಲುಜ್ಜುವಾಗ ಸ್ವಲ್ಪ ರಕ್ತ ಕಂಡಿದೆ, ಬೇರೇನೂ ಇಲ್ಲ ಅನ್ನಿ. ರಕ್ತ ಬಂತೆಂದು ಹೆದರಿ ಆ ಜಾಗವನ್ನು ಬಿಟ್ಟು ಉಜ್ಜುವವರೇ ಹೆಚ್ಚು. ಮಾಡಬೇಕಾದ್ದು ಅದಕ್ಕೆ ತಿರುವು ಮುರುವು. ಮೆತ್ತನೆ ಬ್ರಷ್ಷಿನಿಂದ, ಹಲ್ಲೂ ವಸಡೂ ಸೇರುವ ಅಂಚಿನಲ್ಲಿ, ಬೆಳಿಗ್ಗೆ ಮತ್ತು ರಾತ್ರಿ ಎರಡೆರಡು ನಿಮಿಷ ನಿಧಾನವಾಗಿ ಉಜ್ಜಿ. ಇಟ್ಟಿಗೆ ಪುಡಿ, ಇದ್ದಿಲು ಬೇಡ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯಂತೂ ಬೇಡವೇ ಬೇಡ. ಹಲ್ಲುಪುಡಿ, ಪೇಸ್ಟುಗಳಲ್ಲಿ ಹೊಗೆಸೊಪ್ಪು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಹತ್ತು ದಿನದಲ್ಲಿ ರಕ್ತ ನಿಂತರೆ ಸಂತೋಷ. ನಿಲ್ಲದಿದ್ದರೆ ಎರಡನೇ ಬಾಗಿಲು.

ಎರಡನೇ ಬಾಗಿಲು: ಮಾಮೂಲಿ ಹಲ್ಲಿನ ಡಾಕ್ಟರು

ಬಿ.ಡಿ.ಎಸ್. ಓದಿದ ಡಾಕ್ಟರು ಗಾರೆಯನ್ನು ತೆಗೆದು ಹಲ್ಲು ಕ್ಲೀನ್ ಮಾಡುತ್ತಾರೆ. ಬಹುಪಾಲು ಜನರಿಗೆ ಇಷ್ಟೇ ಸಾಕು. ಹೋದಾಗ ಒಂದು ಮಾತು ಕೇಳಿ: "ಡಾಕ್ಟ್ರೇ, ವಸಡಿನ ಆಳ ಅಳೆದು ನೋಡಿದಿರಾ?" ಮಿಲಿಮೀಟರ್ ಗೆರೆಗಳಿರುವ ಸಣ್ಣ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಇಳಿಸಿ ಅಳೆಯುತ್ತಾರೆ. 3 ಮಿ.ಮೀ. ಒಳಗಿದ್ದು ರಕ್ತವೂ ಬರದಿದ್ದರೆ ಚಿಂತೆಯಿಲ್ಲ. 4-5 ಇದ್ದರೆ ಬೇರಿನವರೆಗೂ ಆಳವಾಗಿ ಕ್ಲೀನ್ ಮಾಡಬೇಕು. 6 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರನೇ ಬಾಗಿಲಿನ ಮಾತು ಬರುತ್ತದೆ.

ಇಲ್ಲೊಂದು ಹೆದರಿಕೆಯನ್ನೂ ಬಿಡಿಸಬೇಕು. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತವೆ" ಅನ್ನುವವರು ಊರ ತುಂಬಾ ಇದ್ದಾರೆ. ಗಾರೆ ತುಂಬಿದ್ದ ಜಾಗ ಖಾಲಿಯಾಗಿ, ಊದಿದ್ದ ವಸಡು ಇಳಿದಾಗ, ಹಲ್ಲಿನ ನಡುವೆ ಸಂದು ಕಾಣುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ಆದರೆ ಮೂಳೆ ಸವೆಸಿದ್ದು ರೋಗ, ಡಾಕ್ಟರಲ್ಲ. ಹಲ್ಲನ್ನು ಗಾರೆ ಹಿಡಿದು ನಿಲ್ಲಿಸಿದೆ ಎಂದು ಬಿಟ್ಟರೆ, ಗೆದ್ದಲು ತಿಂದ ಕಂಬಕ್ಕೆ ಬಣ್ಣ ಬಳಿದಂತೆ.

ಮೂರನೇ ಬಾಗಿಲು: ವಸಡಿನ ತಜ್ಞರು

ಬಿ.ಡಿ.ಎಸ್. ಮುಗಿಸಿ, ಮತ್ತೆ ಮೂರು ವರ್ಷ ವಸಡು ಮತ್ತು ಹಲ್ಲಿನ ಬುಡದ ಮೂಳೆಯ ವಿಷಯವನ್ನೇ ಓದಿ ಎಂ.ಡಿ.ಎಸ್. ಮಾಡಿದವರು ಇವರು. ಪೆರಿಯೊಡಾಂಟಿಸ್ಟ್ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಈ ಗುರುತುಗಳಿದ್ದರೆ ಇವರನ್ನು ಕಾಣಲು ತಡ ಮಾಡಬೇಡಿ:

• ದೊಡ್ಡವರ ಹಲ್ಲು ಅಲ್ಲಾಡುತ್ತಿದ್ದರೆ, ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಅಗಲಿದರೆ.
• ವಸಡು ಒತ್ತಿದರೆ ಕೀವು ಬಂದರೆ, ಅದೇ ಜಾಗದಲ್ಲಿ ಪದೇ ಪದೇ ಬಾವು ಬಂದರೆ.
• ಚೆನ್ನಾಗಿ ಕ್ಲೀನ್ ಮಾಡಿಸಿ ಎರಡು-ಮೂರು ತಿಂಗಳಾದರೂ ಆಳ ಇಳಿಯದೆ, ರಕ್ತ ನಿಲ್ಲದೆ ಇದ್ದರೆ.
• ವಯಸ್ಸು ಇನ್ನೂ ಮೂವತ್ತು ದಾಟಿಲ್ಲ, ಆಗಲೇ ಎಕ್ಸ್-ರೇಯಲ್ಲಿ ಮೂಳೆ ಕರಗಿದ್ದು ಕಂಡರೆ.
• ಬಿ.ಪಿ. ಅಥವಾ ಮೂರ್ಛೆರೋಗದ ಕೆಲವು ಮಾತ್ರೆಗಳಿಂದ ವಸಡು ಹಲ್ಲಿನ ಮೇಲೆ ಬೆಳೆದುಬಂದರೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ತಜ್ಞರು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ಆಳಕ್ಕೆ ಕ್ಲೀನ್ ಮಾಡುತ್ತಾರೆ. ಬೇಕಾದರೆ ವಸಡು ಬಿಡಿಸಿ, ಒಳಗಿನ ಕೊಳೆ ತೆಗೆದು, ಹೊಲಿಗೆ ಹಾಕುತ್ತಾರೆ. ಕೆಲವು ಗುಂಡಿಗಳಿಗೆ ಮೂಳೆಪುಡಿ ತುಂಬುವುದೂ ಉಂಟು. ಹೋದದ್ದೆಲ್ಲ ವಾಪಸು ಬರುವುದಿಲ್ಲ, ಇದ್ದದ್ದು ಉಳಿಯುತ್ತದೆ. ಆಮೇಲೆ ಮೂರು-ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದನ್ನು ತಪ್ಪಿಸಬಾರದು. ತಪ್ಪಿಸಿದರೆ ಮಾಡಿಸಿದ್ದೆಲ್ಲ ನೀರಲ್ಲಿ ಹೋಮ.

ಎಲ್ಲರ ಬಾಯಿ ಒಂದೇ ಅಲ್ಲ

"ನಮ್ಮಜ್ಜ ಬ್ರಷ್ಷೇ ಮುಟ್ಟಲಿಲ್ಲ, ಎಂಬತ್ತಕ್ಕೂ ಕಬ್ಬು ಸಿಗಿದು ತಿಂತಿದ್ರು" ಅಂತೀರಾ? ಇರಬಹುದು. ಅದೇ ಲೋ ಅವರ ತಂಡ ಶ್ರೀಲಂಕಾದ ಚಹಾತೋಟದ 480 ಕಾರ್ಮಿಕರ ಬಾಯಿಯನ್ನು 1970ರಿಂದ 15 ವರ್ಷ ನೋಡಿತು. ಅವರಿಗೆ ಹಲ್ಲಿನ ಡಾಕ್ಟರೂ ಇರಲಿಲ್ಲ, ಬ್ರಷ್ಷಿನ ರೂಢಿಯೂ ಇರಲಿಲ್ಲ. ಅವರಲ್ಲಿ ನೂರಕ್ಕೆ 11 ಮಂದಿಗೆ ರೋಗ ಮುಂದುವರಿಯಲೇ ಇಲ್ಲ. ನೂರಕ್ಕೆ 8 ಮಂದಿಗೆ ಬಿರುಸಾಗಿ ಏರಿತು. ಉಳಿದ 81 ಮಂದಿಗೆ ನಿಧಾನವಾಗಿ ಏರಿತು. ನೀವು ಯಾವ ಗುಂಪಿನವರು ಎಂಬುದು ಅಜ್ಜನ ಕಥೆಯಿಂದ ತಿಳಿಯುವುದಿಲ್ಲ, ಅಳೆದು ನೋಡಿದರೆ ತಿಳಿಯುತ್ತದೆ.

ಸಕ್ಕರೆ ಕಾಯಿಲೆಯವರು ಇನ್ನೂ ಹುಷಾರಾಗಿರಬೇಕು. ಸಕ್ಕರೆ ಹದ್ದಿನಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹದ್ದಿಗೆ ಬರುವುದೂ ಕಷ್ಟ. ಇನ್ನು ಬೀಡಿ, ಸಿಗರೇಟು ಸೇದುವವರಿಗೆ ಬೇರೆಯೇ ಮೋಸ. ರೋಗ ಬೆಳೆದಿದ್ದರೂ ಅವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. "ನಂಗೆ ರಕ್ತಾನೇ ಬರಲ್ಲ" ಎಂದು ಅವರು ಬೀಗಬಾರದು.

ಕಾಯಲೇಬಾರದ ಹೊತ್ತು

ಮುಖ ಅಥವಾ ಕತ್ತು ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೋಗಿ. ಉಜ್ಜದೆಯೇ ವಸಡಿನಿಂದ ರಕ್ತ ಒಸರುತ್ತಿದ್ದು, ಮೈಮೇಲೆ ನೀಲಿ ಕಲೆ, ಸುಸ್ತು ಇದ್ದರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಬಾಯಿಯ ಹುಣ್ಣು ಅಥವಾ ಬಿಳಿ ಮಚ್ಚೆ ಎರಡು ವಾರವಾದರೂ ಮಾಯದಿದ್ದರೆ, ಅದರಲ್ಲೂ ಗುಟ್ಕಾ, ಅಡಿಕೆ ಜಗಿಯುವವರು, ಅದು ಕ್ಯಾನ್ಸರಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ತಜ್ಞರನ್ನು ಹುಡುಕಿಕೊಂಡು ಬೆಂಗಳೂರು ಬಸ್ಸೇ ಹತ್ತಬೇಕೆಂದಿಲ್ಲ. ಬಾಪೂಜಿ ದಂತ ವೈದ್ಯಕೀಯ ಕಾಲೇಜು 1979ರಿಂದ ನಮ್ಮೂರಲ್ಲೇ ಇದೆ, ವಸಡಿಗೇ ಪ್ರತ್ಯೇಕ ವಿಭಾಗವಿದೆ. ಕಾಲೇಜು ಆಸ್ಪತ್ರೆಯಲ್ಲಿ ಖರ್ಚು ಸಾಮಾನ್ಯವಾಗಿ ಹೊರಗಿನದಕ್ಕಿಂತ ಕಡಿಮೆ, ಹೊತ್ತು ಮಾತ್ರ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹರಿಹರ, ಹೊನ್ನಾಳಿ, ಜಗಳೂರಿನಿಂದ ಸಂತೆಗೋ, ಸರಕಿಗೋ ಬರುವವರು ಬೆಳಿಗ್ಗೆ ಬೇಗ ಬಂದು ಚೀಟಿ ಮಾಡಿಸಿದರೆ ಎರಡೂ ಕೆಲಸ ಒಂದೇ ದಿನ ಆಗುತ್ತದೆ.

ಅಂಗಡಿ ಲೆಕ್ಕವನ್ನು ವರ್ಷಕ್ಕೊಮ್ಮೆ ತಪ್ಪದೆ ನೋಡುತ್ತೀರಿ. ಬಾಯಿಯ ಲೆಕ್ಕವನ್ನೂ ಹಾಗೇ ನೋಡಿಸಿ. ನಾಳೆ ಬೆಳಿಗ್ಗೆ ಉಗಿದ ನೊರೆ ಕೆಂಪಾಗಿದ್ದರೆ, ಎಣಿಕೆ ಅಂದಿನಿಂದಲೇ ಶುರು: ಹತ್ತು ದಿನ.