ಸ್ವಿಚ್ಚು ಯಾಕೆ ಬೀಳುತ್ತದೆ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಕಡೆಯ ಒಂದು ಮನೆ ಎನ್ನಿ. ಮಳೆಗಾಲದ ಬೆಳಗು. ಮಗುವಿನ ಸ್ನಾನಕ್ಕೆಂದು ಸೊಸೆ ಬಕೆಟ್ ನೀರಿಗೆ ಕಾಯಿಲ್ ಇಟ್ಟಳು. ಟಪ್! ಕರೆಂಟ್ ಹೋಯಿತು. ಮೀಟರ್ ಪಕ್ಕದ ಪೆಟ್ಟಿಗೆಯಲ್ಲಿ ಸ್ವಿಚ್ಚು ಬಿದ್ದಿತ್ತು. ಎತ್ತಿದಳು. ಮತ್ತೆ ಬಿತ್ತು.

“ಅತ್ತಿಗೆ, ದಿನಾ ಇದೇ ಗೋಳು. ಈ ಸ್ವಿಚ್ಚು ತೆಗೆದು ಡೈರೆಕ್ಟ್ ಕೊಟ್ಟುಬಿಡ್ತೀನಿ” ಎಂದ ಮೈದುನ.

“ಬೇಡ ಕಣಪ್ಪ” ಎಂದರು ಅತ್ತೆ. “ಅದು ಸುಮ್‌ಸುಮ್ನೆ ಬೀಳಲ್ಲ. ಏನೋ ಹೇಳ್ತಾ ಐತೆ. ಏನೂಂತ ಮೊದ್ಲು ನೋಡಾನ.”

ಅತ್ತೆಯ ಮಾತು ಸರಿ. ಆ ಸ್ವಿಚ್ಚು ಏನು ಹೇಳುತ್ತದೆ?

ಕಾವಲ್ ಅಂದರೆ ದನ, ಕುರಿ ಮೇಯುವ ಹುಲ್ಲುಗಾವಲು. ಬೆಳಿಗ್ಗೆ 20 ಕುರಿ ಮೇಯಲು ಹೋದರೆ ಸಂಜೆ 20 ಬರಬೇಕು. 19 ಬಂದರೆ ನಾವು ಸುಮ್ಮನಿರುತ್ತೇವೆಯೇ? ಕರೆಂಟಿನ ಲೆಕ್ಕವೂ ಹೀಗೇ. ಒಂದು ತಂತಿಯಲ್ಲಿ ಹೋದಷ್ಟು ಕರೆಂಟ್ ಇನ್ನೊಂದು ತಂತಿಯಲ್ಲಿ ವಾಪಸ್ ಬರಬೇಕು. ಒದ್ದೆ ಗೋಡೆ, ಕೆಟ್ಟ ಕಾಯಿಲ್ ಅಥವಾ ನಮ್ಮ ಮೈ ಮೂಲಕ ಸ್ವಲ್ಪ ಭೂಮಿಗೆ ಸೋರಿದರೆ ಲೆಕ್ಕ ತಪ್ಪುತ್ತದೆ. ಆಗ ಈ ಸ್ವಿಚ್ಚು ತಟ್ಟನೆ ಬಿದ್ದು ಕರೆಂಟ್ ನಿಲ್ಲಿಸುತ್ತದೆ.

ಮನೆಗಳಲ್ಲಿ ಹಾಕುವ ಇಂಥ ಸ್ವಿಚ್ಚು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು. 9 ವ್ಯಾಟಿನ ಬಲ್ಬಿಗೆ ಬೇಕಾಗುವ ಕರೆಂಟಿಗಿಂತಲೂ ಇದು ಕಡಿಮೆ. ಅಷ್ಟು ಕರೆಂಟ್ ಮೈಯೊಳಗೆ ಹರಿದರೂ ಜೀವಕ್ಕೆ ಅಪಾಯ.

ಸ್ವಿಚ್ಚು ಪದೇ ಪದೇ ಬಿದ್ದರೆ ಹೀಗೆ ಮಾಡಿ.

1. ಕೈ ಒರೆಸಿಕೊಳ್ಳಿ. ಕಾಲಿಗೆ ಒಣ ಚಪ್ಪಲಿ ಹಾಕಿ. ಒದ್ದೆ ನೆಲದಲ್ಲಿ ನಿಲ್ಲಬೇಡಿ.

2. ಮಿಕ್ಸಿ, ಟಿ.ವಿ., ಇಸ್ತ್ರಿ ಪೆಟ್ಟಿಗೆ, ಕಾಯಿಲ್, ಎಲ್ಲದರ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು.

3. ಈಗ ಬಿದ್ದ ಸ್ವಿಚ್ಚನ್ನು ಎತ್ತಿ. ಆಗಲೂ ಬಿದ್ದರೆ ತಪ್ಪು ಮನೆಯ ವೈರಿಂಗ್‌ನಲ್ಲಿ ಇರಬಹುದು. ಗೋಡೆ ನೆನೆದಿರಬಹುದು. ಇಲಿ ತಂತಿ ಕಡಿದಿರಬಹುದು. ನೀವು ಬಿಚ್ಚಬೇಡಿ. ಎಲೆಕ್ಟ್ರಿಷಿಯನ್‌ಗೆ ಹೇಳಿ.

4. ಸ್ವಿಚ್ಚು ನಿಂತರೆ ಒಂದೊಂದೇ ಪ್ಲಗ್ ಹಾಕಿ, ಸ್ವಿಚ್ ಒತ್ತಿ. ಆ ವಸ್ತುವನ್ನು ಮುಟ್ಟಬೇಡಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕೆಟ್ಟಿದೆ. ರಿಪೇರಿ ಆಗುವವರೆಗೆ ಅದನ್ನು ಬಳಸಬೇಡಿ.

ಅತ್ತೆ ಸೊಸೆ ಹೀಗೇ ನೋಡಿದರು. ಮಿಕ್ಸಿ ಹಾಕಿದರು, ಬೀಳಲಿಲ್ಲ. ಟಿ.ವಿ. ಹಾಕಿದರು, ಬೀಳಲಿಲ್ಲ. ಕಾಯಿಲ್ ಹಾಕಿದ ಕೂಡಲೇ ಬಿತ್ತು. ಕಾಯಿಲ್ ಸಣ್ಣಗೆ ಸೀಳಿತ್ತು. ಒಳಗೆ ನೀರು ಹೋಗಿತ್ತು.

“ಅಯ್ಯೋ, ಮಗು ಆ ನೀರಿಗೆ ಕೈ ಹಾಕಿದ್ರೆ!” ಎಂದಳು ಸೊಸೆ. ಮೈದುನ ಮಾತಾಡಲಿಲ್ಲ. ಅತ್ತೆ ಒಲೆಯ ಮೇಲೆ ನೀರಿಟ್ಟರು.

ನೆನಪಿಡಿ. ಈ ಸ್ವಿಚ್ಚನ್ನು ದಾರದಿಂದ ಕಟ್ಟಬೇಡಿ. ತೆಗೆದುಹಾಕಿ ಡೈರೆಕ್ಟ್ ಕೊಡಿಸಬೇಡಿ. ಸ್ವಿಚ್ಚು ಇದೆ ಎಂದು ಮೈಮರೆಯಲೂ ಬೇಡಿ. ಎರಡು ತಂತಿಯನ್ನೂ ಒಟ್ಟಿಗೆ ಮುಟ್ಟಿದರೆ ಅದು ಬೀಳದೆ ಇರಬಹುದು. ಹೋದಷ್ಟು ಕರೆಂಟ್ ವಾಪಸ್ ಬರುತ್ತದಲ್ಲ, ಅದರ ಲೆಕ್ಕಕ್ಕೆ ಎಲ್ಲ ಸರಿ!

ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಕಂಬದ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಬೆಸ್ಕಾಂನ 1912 ನಂಬರಿಗೆ ಫೋನ್ ಮಾಡಿ.

ಇವತ್ತೇ ನಿಮ್ಮ ಮನೆಯ ಪೆಟ್ಟಿಗೆ ನೋಡಿ. ಇಂಗ್ಲಿಷಿನ ‘ಟಿ’ ಅಕ್ಷರ ಇರುವ ಪುಟ್ಟ ಗುಂಡಿ ಇದೆಯೇ? ಇದ್ದರೆ ಅದೇ ಈ ಸ್ವಿಚ್ಚು. ತಿಂಗಳಿಗೊಮ್ಮೆ ಕರೆಂಟ್ ಇರುವಾಗ ಆ ಗುಂಡಿ ಒತ್ತಿ. ಸ್ವಿಚ್ಚು ಬಿದ್ದರೆ ಕಾವಲುಗಾರ ಎಚ್ಚರವಾಗಿದ್ದಾನೆ. ಬೀಳದಿದ್ದರೆ ಬೇಗ ಬದಲಾಯಿಸಿ. ಗುಂಡಿಯೇ ಇಲ್ಲವೇ? ಹಾಗಾದರೆ ಇಂಥದೊಂದು ಸ್ವಿಚ್ಚು ಹಾಕಿಸುವ ಮಾತನ್ನು ಇಂದೇ ಮನೆಯಲ್ಲಿ ಎತ್ತಿ.