ಕಂಠ ಮರಳಿದ ಬಗೆ

1970ರ ಡಿಸೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಒಂದು ಧ್ವನಿಮುದ್ರಿಕೆ, ಹೇಳಿಕೊಳ್ಳುವಂಥ ಪ್ರಚಾರವಾಗಲಿ ರಸಿಕರ ಆದರವಾಗಲಿ ದೊರೆಯದೆ, ಕೆಲವು ನೂರು ಪ್ರತಿಗಳಷ್ಟೇ ಮಾರಾಟವಾಗಿ ಅಂಗಡಿಗಳಿಂದ ಮರೆಯಾಯಿತು. ‘ಜಸ್ಟ್ ಅನದರ್ ಡೈಮಂಡ್ ಡೇ’ ಎಂಬ ಆ ಗೀತಸಂಚಯವನ್ನು ರಚಿಸಿ ಹಾಡಿದವರು ವಾಷ್ಟಿ ಬನಿಯನ್ ಎಂಬ ಇಪ್ಪತ್ತೈದು ವರ್ಷದ ತರುಣಿ. ಅವರ ಎರಡನೆಯ ಗೀತಸಂಚಯ ಪ್ರಕಟವಾದುದು 2005ರಲ್ಲಿ; ಆ ವೇಳೆಗೆ ಅವರಿಗೆ ಅರವತ್ತು ತುಂಬಿತ್ತು. ಈ ಎರಡರ ನಡುವಣ ಮೂವತ್ತೈದು ವರ್ಷಗಳಲ್ಲಿ ಆ ಕಂಠವನ್ನು ಅಡಗಿಸಿದುದು ಯಾವುದು, ಮತ್ತೆ ಅದನ್ನು ತೆರೆಯಿಸಿದುದು ಯಾವುದು ಎಂಬುದನ್ನು ಅರಿಯುವುದು ಹಾಡುವವರಿಗೆ ಎಷ್ಟು ಮುಖ್ಯವೋ ಕೇಳುವವರಿಗೂ ಅಷ್ಟೇ ಮುಖ್ಯವೆಂದು ನನಗೆ ತೋರುತ್ತದೆ.

ವಾಷ್ಟಿ 1945ರಲ್ಲಿ ನ್ಯೂಕ್ಯಾಸಲ್ಲಿನಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನ ರಸ್ಕಿನ್ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಕಲಿಯುತ್ತಿದ್ದವರು, ಕುಂಚಕ್ಕಿಂತ ಗಿಟಾರನ್ನೇ ಹೆಚ್ಚಾಗಿ ಹಿಡಿಯುತ್ತಿದ್ದರೆಂಬ ಕಾರಣಕ್ಕೆ ಅಲ್ಲಿಂದ ಹೊರಬೀಳಬೇಕಾಯಿತು. ಹದಿನೆಂಟರ ಹರೆಯದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ಕೇಳಿದ ಬಾಬ್ ಡಿಲನ್ನನ ಹಾಡುಗಳು ಅವರ ಮನಸ್ಸನ್ನು ಸಂಗೀತದ ಕಡೆಗೇ ತಿರುಗಿಸಿದ್ದುವು. ರೋಲಿಂಗ್ ಸ್ಟೋನ್ಸ್ ತಂಡದ ವ್ಯವಸ್ಥಾಪಕ ಆಂಡ್ರೂ ಲೂಗ್ ಓಲ್ಡಮ್ 1965ರಲ್ಲಿ ಅವರಿಂದ ಹಾಡಿಸಿದ ಮೊದಲ ಮುದ್ರಿಕೆಯ ಒಂದು ಮಗ್ಗುಲಿಗೆ ಅದೇ ತಂಡದ ಜ್ಯಾಗರ್ ಮತ್ತು ರಿಚರ್ಡ್ಸ್ ಬರೆದ ಗೀತೆಯಿತ್ತು. ಇನ್ನೊಂದು ಮಗ್ಗುಲಿಗೆ ವಾಷ್ಟಿಯವರದೇ ರಚನೆಯಿತ್ತು. ಅದು ಜನಪ್ರಿಯವಾಗಲಿಲ್ಲ, ಅದರ ತರುವಾಯ ಮುದ್ರಿಸಿದ ಹಾಡುಗಳಲ್ಲಿ ಹಲವು ಬೆಳಕನ್ನೇ ಕಾಣಲಿಲ್ಲ.

ನಗರದ ಆಸೆಗಳೆಲ್ಲ ಹೀಗೆ ಒಂದೊಂದಾಗಿ ಮುರಿದ ಮೇಲೆ, 1968ರಲ್ಲಿ, ಅವರು ತಮ್ಮ ಸಂಗಾತಿಯೊಡನೆ ಕುದುರೆ ಕಟ್ಟಿದ ಬಂಡಿಯೊಂದನ್ನೇರಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದತ್ತ ಹೊರಟರು. ಗಾಯಕ ಡೊನೊವನ್ ಅಲ್ಲಿ ಕಲಾವಿದರ ನೆಲೆಯೊಂದನ್ನು ಕಟ್ಟುತ್ತಿದ್ದಾನೆಂಬುದೇ ಆ ಪ್ರಯಾಣದ ಪ್ರೇರಣೆ. ಮೋಟಾರುಗಳು ಒಂದೆರಡು ದಿನಗಳಲ್ಲಿ ಕ್ರಮಿಸುವ ಆ ದಾರಿಯನ್ನು ಬೆಸ್ ಎಂಬ ಹೆಸರಿನ ಆ ಕುದುರೆ ಋತುಗಳನ್ನು ದಾಟುತ್ತ ಸವೆಯಿಸಿತು. ಅವರು ಸ್ಕೈ ತಲುಪಿದ್ದರೂ ಅಲ್ಲಿ ನಿಲ್ಲದೆ ಇನ್ನೂ ದೂರದ ಹೆಬ್ರಿಡೀಸ್ ದ್ವೀಪಗಳಲ್ಲೊಂದಾದ ಬರ್ನರೇಗೆ ಸಾಗಿದರು. ಬಂಡಿಯ ಗತಿಗೆ ಹೊಂದಿಕೊಂಡು ಹುಟ್ಟಿದ ಹಾಡುಗಳಲ್ಲಿ ಮುಂಜಾವಿನ ಹೊಲ, ಒಲೆಯ ಬೆಂಕಿ, ಕಡಲಂಚು, ಹಕ್ಕಿಪಕ್ಷಿಗಳು ಇವುಗಳಲ್ಲದೆ ಬೇರೆ ಲೋಕವೇ ಇಲ್ಲವೆಂಬಂಥ ನಿರಾಡಂಬರತೆಯುಂಟು; ಅವುಗಳನ್ನು ಹಾಡಿದ ದನಿ, ಮಲಗಿದ ಮಗುವನ್ನು ಎಚ್ಚರಿಸಲು ಅಂಜುವ ತಾಯಿಯ ದನಿಯಷ್ಟು ಮೆಲುವಾದುದು.

ಜೋ ಬಾಯ್ಡ್ ಎಂಬ ನಿರ್ಮಾಪಕ ಈ ಹಾಡುಗಳನ್ನು ಮೆಚ್ಚಿ 1969ರ ಕೊನೆಯಲ್ಲಿ ಲಂಡನ್ನಿನಲ್ಲಿ ಮುದ್ರಿಸಿದನು. ಗಾಯಕ ನಿಕ್ ಡ್ರೇಕ್‌ನ ಗೀತೆಗಳಿಗೆ ವಾದ್ಯಸಂಯೋಜನೆ ಮಾಡಿದ್ದ ರಾಬರ್ಟ್ ಕರ್ಬಿ ಇಲ್ಲಿನ ಕೆಲವು ಹಾಡುಗಳಿಗೂ ವಾದ್ಯಗಳ ಹೊದಿಕೆಯನ್ನು ನೆಯ್ದನು. ಆ ಕಾಲದ ಜಾನಪದ ಸಂಗೀತಕ್ಷೇತ್ರದ ಹೆಸರಾಂತ ವಾದಕರು ಜೊತೆಗೂಡಿದರು. ಇಷ್ಟೆಲ್ಲ ಇದ್ದೂ ಕೇಳುವವರು ಒದಗಲಿಲ್ಲ. ಆ ಉಪೇಕ್ಷೆಯನ್ನು ವಾಷ್ಟಿ ತಮ್ಮ ಪ್ರತಿಭೆಯ ಮೇಲಿನ ಅಂತಿಮ ತೀರ್ಪೆಂದೇ ಭಾವಿಸಿದರು. ಹಾಡು ಕಟ್ಟುವುದನ್ನು ಬಿಟ್ಟುದಷ್ಟೇ ಅಲ್ಲ, ತಮ್ಮ ಮಕ್ಕಳಿಗೂ ತಾವು ಹಾಡುತ್ತಿರಲಿಲ್ಲವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಐರ್ಲೆಂಡಿನಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಮನೆ ಹೂಡಿ, ಮೂವರು ಮಕ್ಕಳನ್ನು ಬೆಳೆಸಿ, ಪ್ರಾಣಿಗಳನ್ನು ಸಾಕಿ, ಸಂಸಾರದ ಸಹಸ್ರ ಕಾರ್ಯಗಳಲ್ಲಿ ಅವರು ಮೂರು ದಶಕಗಳನ್ನು ಕಳೆದರು. ಸ್ಫೂರ್ತಿ ಬತ್ತಿ ಮೌನಿಗಳಾಗುವ ಕಲಾವಿದರುಂಟು. ವೈರಾಗ್ಯದಿಂದ ಮೌನವನ್ನು ವರಿಸುವವರೂ ಉಂಟು. ವಾಷ್ಟಿಯವರ ಮೌನವಾದರೋ ಯಾರೂ ಕೇಳಲಿಲ್ಲವೆಂಬ ನೋವಿನಿಂದ ಹುಟ್ಟಿದುದು. ಆದುದರಿಂದ ಅದರ ಹೊಣೆಯಲ್ಲಿ ಆ ಕಾಲದ ಕೇಳುಗರಿಗೂ ಪಾಲುಂಟು.

ಇತ್ತ, ಅವರಿಗೆ ತಿಳಿಯದಂತೆಯೇ, ಆ ಹಳೆಯ ಮುದ್ರಿಕೆ ಸಂಗ್ರಾಹಕರ ಕೈಯಿಂದ ಕೈಗೆ ಸಾಗುತ್ತ, ಅದರ ಒಂದೊಂದು ಪ್ರತಿಗೂ ದೊಡ್ಡ ಬೆಲೆ ಬಂದಿತ್ತು. 1997ರಲ್ಲಿ ಮನೆಗೆ ಕಂಪ್ಯೂಟರ್ ಬಂದು, ಅಂತರ್ಜಾಲದಲ್ಲಿ ತಮ್ಮ ಹೆಸರನ್ನೇ ಹುಡುಕಿದಾಗ, ತಾವು ಹೂತಿಟ್ಟ ಹಾಡುಗಳನ್ನು ಅಪರಿಚಿತರು ಅರಸುತ್ತಿರುವ ಸಂಗತಿ ಅವರಿಗೆ ಗೊತ್ತಾಯಿತು. 2000ದಲ್ಲಿ ಮುದ್ರಿಕೆ ಮತ್ತೆ ಪ್ರಕಟವಾಯಿತು. ಅದನ್ನು ಕೇಳಿದ ತರುಣ ಗಾಯಕ ಡೆವೆಂಡ್ರಾ ಬ್ಯಾನ್‌ಹಾರ್ಟ್, ತಾನು ಹಾಡನ್ನು ಮುಂದುವರಿಸಬೇಕೋ ಬೇಡವೋ ಎಂಬ ಸಂಶಯದಲ್ಲಿ ಅವರಿಗೆ ಬರೆದು ಸಲಹೆ ಬೇಡಿದನು. ಅವರು ಪ್ರೋತ್ಸಾಹದ ಉತ್ತರವಿತ್ತರು. ಅಂಥ ಪ್ರೋತ್ಸಾಹ ತಮ್ಮ ಇಪ್ಪತ್ತೈದರಲ್ಲಿ ತಮಗೆ ದೊರೆಯದಿದ್ದರೂ ಅದನ್ನು ಇನ್ನೊಬ್ಬರಿಗೆ ಕೊಡುವ ಔದಾರ್ಯ ಅವರಲ್ಲಿ ಉಳಿದಿತ್ತೆಂಬುದು ಈ ವೃತ್ತಾಂತದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಶ. ಕೆಲವು ವರ್ಷಗಳಲ್ಲಿಯೇ ಅವರು ಅವನ ಮುದ್ರಿಕೆಯಲ್ಲಿ ದನಿಗೂಡಿಸಿದರು. ‘ಆನಿಮಲ್ ಕಲೆಕ್ಟಿವ್’ ಎಂಬ ಅಮೆರಿಕದ ತಂಡದೊಡನೆಯೂ ಹಾಡಿದರು.

2005ರಲ್ಲಿ ಬಂದ ‘ಲುಕ್‌ಆಫ್ಟರಿಂಗ್’ ಗೀತಸಂಚಯದ ನಿರ್ಮಾಣವನ್ನು ಸಂಯೋಜಕ ಮ್ಯಾಕ್ಸ್ ರಿಕ್ಟರ್ ವಹಿಸಿಕೊಂಡರು. ಹಾರ್ಪ್ ನುಡಿಸಿದವರು ಹೊಸ ತಲೆಮಾರಿನ ಜೊಅನಾ ನ್ಯೂಸಮ್. ಹಳೆಯ ರಾಬರ್ಟ್ ಕರ್ಬಿಯೂ ತನ್ನ ವಾದ್ಯದೊಡನೆ ಮತ್ತೆ ಬಂದನು. ಹೊದಿಕೆಯ ಚಿತ್ರವನ್ನು ಬರೆದವರು ವಾಷ್ಟಿಯವರ ಮಗಳು. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಹಿಂದಿನ ಹಾಡುಗಳ ಯಶಸ್ಸು ಕೈಸೇರಿದ್ದರೂ ಅವರು ಮತ್ತೆ ಬಂಡಿಯನ್ನಾಗಲಿ ಹೊಲಗಳನ್ನಾಗಲಿ ಹಾಡಲಿಲ್ಲ. ಪೋಷಣೆಯೆಂಬ ಅರ್ಥವನ್ನುಳ್ಳ ಹೆಸರನ್ನಿಟ್ಟು, ಮಕ್ಕಳನ್ನು ಸಾಕುವ ಬೆರಗನ್ನೂ, ಮನೆಯೊಳಗೆ ನಿಂತವಳ ಮನಸ್ಸಿನಲ್ಲಿ ದಾರಿಯ ಧೂಳಿಗಾಗಿ ಹುಟ್ಟುವ ಹಂಬಲವನ್ನೂ, ಮುರಿದ ಸಂಬಂಧಗಳ ವ್ಯಥೆಯನ್ನೂ ಹಾಡಿದರು. ಯಾವ ವರ್ಷಗಳು ಸಂಗೀತದ ಲೆಕ್ಕದಲ್ಲಿ ಶೂನ್ಯವೆಂದು ಲೋಕ ತಿಳಿದಿತ್ತೋ ಆ ವರ್ಷಗಳೇ ಸಂಗೀತಕ್ಕೆ ವಸ್ತುವಾದುವು. ಕಂಠದಲ್ಲಿ ಹಳೆಯ ಮಾರ್ದವ ಹಾಗೆಯೇ ಇತ್ತು. ತಾರುಣ್ಯದ ಮುಗ್ಧತೆ ಇದ್ದೆಡೆಯಲ್ಲಿ ಅನುಭವದ ಭಾರ ಬಂದು ನೆಲಸಿತ್ತು.

2014ರಲ್ಲಿ ಬಂದ ‘ಹಾರ್ಟ್‌ಲೀಪ್’ ಎಂಬ ಮೂರನೆಯ ಗೀತಸಂಚಯವನ್ನು ಅವರು ಬಹುಮಟ್ಟಿಗೆ ಎಡಿನ್‌ಬರೋದ ತಮ್ಮ ಮನೆಯಲ್ಲಿಯೇ, ತಾವೇ ಕಂಪ್ಯೂಟರಿನ ಮುಂದೆ ಕುಳಿತು, ವರ್ಷಗಟ್ಟಲೆ ತಿದ್ದಿ ಮುಗಿಸಿದರು. ಪಿಯಾನೊವನ್ನು ಎರಡು ಕೈಗಳಿಂದ ಒಟ್ಟಿಗೆ ನುಡಿಸಲು ಬಾರದುದರಿಂದ ಒಂದೊಂದು ಕೈಯ ಸ್ವರಗಳನ್ನು ಬೇರೆಬೇರೆಯಾಗಿ ಮುದ್ರಿಸಿ ಜೋಡಿಸಿದರು. ತಮ್ಮ ಹಾಡು ತಮ್ಮ ಕಿವಿಗೆ ಕೇಳಿಸಿದಂತೆಯೇ ಲೋಕಕ್ಕೂ ಕೇಳಿಸಬೇಕೆಂಬ, ಯೌವನದಲ್ಲಿ ಕೈಗೂಡದ ಆಸೆ, ಎಪ್ಪತ್ತರ ಸಮೀಪದಲ್ಲಿ ಈ ತಾಳ್ಮೆಯಿಂದ ನೆರವೇರಿತು. 2022ರಲ್ಲಿ ಆತ್ಮಕಥನವೂ ಬಂದಿತು.

ತನ್ನ ಕಾಲ ತನ್ನನ್ನು ಕಡೆಗಣಿಸಿದಾಗ ಸಂಸ್ಕೃತ ಕವಿ ಭವಭೂತಿ, ಸಮಾನಧರ್ಮನೊಬ್ಬನು ಎಂದಾದರೂ ಹುಟ್ಟಿಯಾನೆಂದು ನಂಬಿ ಸಮಾಧಾನಪಟ್ಟನು. ವಾಷ್ಟಿಯವರ ಪಾಲಿಗೆ ಆ ಸಮಾನಧರ್ಮರು ಅವರು ಬದುಕಿರುವಾಗಲೇ ಬಂದುದು ಅವರ ಭಾಗ್ಯ, ನಮ್ಮ ಭಾಗ್ಯವೂ ಹೌದು. ಆದರೆ ಎಲ್ಲರ ಪಾಲಿಗೂ ಹಾಗಾಗುವುದಿಲ್ಲ: ನಿಕ್ ಡ್ರೇಕ್ 1974ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು; ಅವನಿಗೆ ಸಂದ ಕೀರ್ತಿಯೆಲ್ಲ ಅವನ ಕಿವಿಗೆ ಬೀಳದೆ ಹೋಯಿತು. ಕವಿಗೆ ಕಾಲದಲ್ಲಿ ನಂಬಿಕೆಯಿರುವುದು ಧೈರ್ಯ. ಅದೇ ನಂಬಿಕೆಯನ್ನು ಮುಂದಿಟ್ಟುಕೊಂಡು ರಸಿಕನು ಸುಮ್ಮನಿರುವುದು ಕರ್ತವ್ಯಲೋಪ. ಮೆಚ್ಚಿದ ಹಾಡಿನ ಕರ್ತೃವಿಗೆ, ಆತ ಅಥವಾ ಆಕೆ ಬದುಕಿರುವಾಗಲೇ, ಮೆಚ್ಚಿದೆನೆಂಬ ಒಂದು ಮಾತನ್ನು ತಲುಪಿಸುವುದು ಯಾವ ಸಹೃದಯನಿಗೂ ಅಸಾಧ್ಯವಲ್ಲ. ಆ ಮಾತು ಸಕಾಲದಲ್ಲಿ ತಲುಪಿದ್ದರೆ ಮೂವತ್ತೈದು ವರ್ಷಗಳ ಹಾಡುಗಳು ನಮಗೆ ಉಳಿಯುತ್ತಿದ್ದುವೋ ಏನೋ.